ಮೊದಲು ನೆರಳು, ಆಮೇಲೆ ಕರೆಂಟು: ಹಳೆಯ ಸೋಲಾರ್ ಪ್ಲೇಟಿನ ಕೆಳಗೆ ತರಕಾರಿ

(ವಿಜಯಪುರದಲ್ಲಿ ತರಕಾರಿ ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು.

ಏಪ್ರಿಲ್, ಮೇ ತಿಂಗಳಲ್ಲಿ ಸಂತೆಗೆ ಬರುವ ಕೊತ್ತಂಬರಿ ಸಿವುಡು ಯಾಕೆ ಸಣ್ಣದಾಗುತ್ತದೆ, ಬೆಲೆ ಯಾಕೆ ದೊಡ್ಡದಾಗುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಪಾರಾ ನಲವತ್ತು ದಾಟಿದರೆ ಕೊತ್ತಂಬರಿ ಗೇಣುದ್ದ ಬೆಳೆಯುವ ಮೊದಲೇ ಹೂ ತೆಗೆಯುತ್ತದೆ. ಟೊಮೆಟೊ ಗಿಡದಲ್ಲಿ ಹೂವು ಕಾಯಿಕಟ್ಟದೆ ಉದುರುತ್ತದೆ. ದೊಣ್ಣೆ ಮೆಣಸಿನಕಾಯಿಯ ಬಿಸಿಲಿನ ಮಗ್ಗುಲು ಬೆಳ್ಳಗೆ ಸುಟ್ಟು ಹೋಗುತ್ತದೆ. ಇದು ನೀರಿನಿಂದ ಮಾತ್ರ ಪರಿಹಾರವಾಗುವ ತೊಂದರೆಯಲ್ಲ. ಅದಕ್ಕಾಗಿಯೇ ನಿಮ್ಮಲ್ಲಿ ಹಲವರು ಶೇಡ್ ನೆಟ್ ಕಟ್ಟುತ್ತೀರಿ. ನೆಟ್ಟು ಕೆಲವು ಬೇಸಿಗೆ ಕಂಡ ಮೇಲೆ ಹರಿಯುತ್ತದೆ, ಮತ್ತೆ ದುಡ್ಡು ಹಾಕಬೇಕು.

ಇನ್ನೊಂದು ಕಡೆ, ಹತ್ತು ಹನ್ನೆರಡು ವರ್ಷಗಳ ಹಿಂದೆ ಕಚೇರಿ, ಕಾಲೇಜು, ಮೊಬೈಲ್ ಟವರ್‌ಗಳ ಮೇಲೆ ಕೂರಿಸಿದ ಸೋಲಾರ್ ಪ್ಲೇಟುಗಳು ಈಗ ಕೆಳಗಿಳಿಯುತ್ತಿವೆ. ಅವು ಕೆಟ್ಟಿವೆ ಎಂದು ಎಲ್ಲವನ್ನೂ ಇಳಿಸುತ್ತಿಲ್ಲ. ಅದೇ ಛಾವಣಿಯಲ್ಲಿ ಹೊಸ ಪ್ಲೇಟು ಹೆಚ್ಚು ವಿದ್ಯುತ್ ಕೊಡುತ್ತದೆ ಎಂಬ ಕಾರಣಕ್ಕೆ ಚೆನ್ನಾಗಿರುವವೂ ಗುಜರಿಯ ದಾರಿ ಹಿಡಿಯುತ್ತಿವೆ. ಸಿಲಿಕಾನ್ ಪ್ಲೇಟು ವರ್ಷಕ್ಕೆ ಶೇಕಡಾ ಅರ್ಧದಿಂದ ಮುಕ್ಕಾಲರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 250 ವ್ಯಾಟಿನ ಹಳೆಯ ಪ್ಲೇಟಿನಲ್ಲಿ ಬೇರೆ ದೋಷವಿಲ್ಲದಿದ್ದರೆ ಇಂದಿಗೂ 225ರಿಂದ 235 ವ್ಯಾಟ್ ನಿರೀಕ್ಷಿಸಬಹುದು.

ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು. ಹಳೆಯ ಪ್ಲೇಟಿನಲ್ಲಿ ಕರೆಂಟು ಕಡಿಮೆಯಾಗಿರುತ್ತದೆ, ನೆರಳು ಕಡಿಮೆಯಾಗಿರುವುದಿಲ್ಲ. ಹಾಗಾಗಿ ಅದನ್ನು ಹೊಲಕ್ಕೆ ತರುವವರು ಮೊದಲು ನೆರಳಿನ ಲೆಕ್ಕ ಹಾಕಬೇಕು, ಆಮೇಲೆ ಕರೆಂಟಿನದು. ಹೊಸ ಪ್ಲೇಟಿಗೆ ಪೂರ್ತಿ ಬೆಲೆ ಕೊಟ್ಟವನಿಗೆ ಇದ್ದ ಜಾಗದಲ್ಲೆಲ್ಲ ಒತ್ತಾಗಿ ಕೂರಿಸುವ ಆಸೆ ಹುಟ್ಟುತ್ತದೆ, ಕೆಳಗಿನ ಬೆಳೆ ಸಾಯುತ್ತದೆ. ಅಗ್ಗಕ್ಕೆ ಸಿಕ್ಕ ಪ್ಲೇಟನ್ನು ಬೆಳೆಗೆ ಬೇಕಾದಷ್ಟು ಅಂತರ ಬಿಟ್ಟು ಕೂರಿಸುವ ಧೈರ್ಯ ಬರುತ್ತದೆ. ನನ್ನ ದೃಷ್ಟಿಯಲ್ಲಿ ಹಳೆಯ ಪ್ಲೇಟಿನ ದೊಡ್ಡ ಲಾಭ ಇದೇ.

ಬೆಳೆಯ ಮೇಲೆ ಪ್ಲೇಟು ಎಂಬ ವಿಚಾರವೇನೂ ಹೊಸದಲ್ಲ. 1981ರಲ್ಲಿ ಜರ್ಮನಿಯ ಅಡಾಲ್ಫ್ ಗೋಟ್ಸ್‌ಬರ್ಗರ್ ಮತ್ತು ಆರ್ಮಿನ್ ಝಾಸ್ಟ್ರೋ ಇದನ್ನು ಮೊದಲು ಬರೆದು ಮುಂದಿಟ್ಟರು. ಜಪಾನಿನಲ್ಲಿ ಅಕಿರಾ ನಾಗಾಶಿಮಾ 2004ರಿಂದ ಮಾಡಿ ತೋರಿಸಿದರು. ಅಲ್ಲಿನ ಕೃಷಿ ಸಚಿವಾಲಯ 2013ರಲ್ಲಿ ಅನುಮತಿ ಕೊಡುವಾಗ ಒಂದು ಷರತ್ತು ಹಾಕಿತು: ಕೆಳಗಿನ ಬೆಳೆಯ ಇಳುವರಿ ಆ ಭಾಗದ ಸರಾಸರಿಯ ಶೇಕಡಾ 80ಕ್ಕಿಂತ ಕೆಳಗಿಳಿಯಬಾರದು. ನನಗೆ ಬಹಳ ಹಿಡಿಸಿದ ನಿಯಮವಿದು. ಹೊಲ ಹೊಲವಾಗಿಯೇ ಉಳಿಯಬೇಕು ಎಂಬುದನ್ನು ಅದು ಅಳತೆಗೆ ತಂದಿತು. ನಮ್ಮ ದೇಶದಲ್ಲಿ ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ, ಅಂದರೆ ಕಾಜ್ರಿ, 105 ಕಿಲೋವ್ಯಾಟಿನ ಇಂತಹ ಘಟಕ ಕಟ್ಟಿ, ಪ್ಲೇಟಿನ ಮೇಲೆ ಬಿದ್ದ ಮಳೆನೀರನ್ನೂ ಹಿಡಿದು ಬಳಸಿದೆ.

ನಮ್ಮ ಬಿಸಿಲಿಗೆ ಹತ್ತಿರವಾದ ಪ್ರಯೋಗ ಅಮೆರಿಕದ ಅರಿಜೋನಾದ್ದು. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಪ್ಲೇಟಿನ ನೆರಳಿನಲ್ಲಿ ಅಲ್ಲಿನ ಒಂದು ಸಣ್ಣ ಕಾಡು ಮೆಣಸಿನಕಾಯಿ ಬಯಲಿಗಿಂತ ಮೂರು ಪಟ್ಟು ಫಲ ಕೊಟ್ಟಿತು, ಚೆರ್ರಿ ಟೊಮೆಟೊ ಎರಡು ಪಟ್ಟು. ಹಲಪೆನ್ಯೋ ಎಂಬ ಮೆಣಸಿನಕಾಯಿ ಹೆಚ್ಚುಕಡಿಮೆ ಬಯಲಿನಷ್ಟೇ ಬಂತು, ಆದರೆ ಅದರ ಎಲೆಗಳಿಂದ ಆವಿಯಾದ ನೀರು ಶೇಕಡಾ 65ರಷ್ಟು ಕಡಿಮೆ. ಕೆಳಗೆ ಬೆಳೆಯಿದ್ದ ಪ್ಲೇಟುಗಳು ಬರಿ ನೆಲದ ಮೇಲಿನ ಪ್ಲೇಟುಗಳಿಗಿಂತ ಹಗಲಿನಲ್ಲಿ ಸುಮಾರು 9 ಡಿಗ್ರಿ ತಂಪಾಗಿದ್ದವು. ಸಿಲಿಕಾನ್ ಪ್ಲೇಟು ಕಾದಷ್ಟೂ ಸೋಲುತ್ತದೆ, ಡಿಗ್ರಿಗೆ ಸುಮಾರು ಶೇಕಡಾ 0.4ರಷ್ಟು. ನಮ್ಮ ಮೇ ತಿಂಗಳಲ್ಲಿ ಪ್ಲೇಟು 60 ಡಿಗ್ರಿ ದಾಟುವುದರಿಂದ ಗಿಡಗಳ ತಂಪು ಅದಕ್ಕೂ ಬೇಕು. ಆದರೆ ಮೂರು ಪಟ್ಟು ಎಂಬ ಅಂಕಿಯನ್ನು ಇಲ್ಲಿಗೆ ಹೊತ್ತು ತರಬೇಡಿ. ಅದು ಸಣ್ಣ ಜಾಗದ ಪ್ರಯೋಗ, ಬೇರೆ ತಳಿ, ಅತಿ ಒಣಹವೆ. ನಾವು ಕಲಿಯಬೇಕಾದದ್ದು ಅದರ ಹಿಂದಿನ ಕಾರಣವನ್ನು.

ಆ ಕಾರಣ ಹೀಗಿದೆ. ಮೆಂತ್ಯ, ಪಾಲಕ, ಕೊತ್ತಂಬರಿ, ಟೊಮೆಟೊ, ಮೆಣಸಿನ ಗಿಡಗಳಿಗೆ ಬೆಳಕನ್ನು ಬಳಸಿಕೊಳ್ಳಲು ಒಂದು ಮಿತಿಯಿದೆ. ಕೊಡ ತುಂಬಿದ ಮೇಲೆ ಸುರಿದ ನೀರಿನಂತೆ, ಮಿತಿ ದಾಟಿದ ಬಿಸಿಲು ಎಲೆಗೆ ಉಪಯೋಗಕ್ಕೆ ಬರುವುದಿಲ್ಲ, ಕಾವಾಗಿ ಕಾಡುತ್ತದೆ. ತಪ್ಪಲು ಪಲ್ಯಗಳಿಗೆ ಈ ಮಿತಿ ಬೇಗ ಬರುತ್ತದೆ, ಟೊಮೆಟೊಗೆ ತಡವಾಗಿ. ಜೋಳ, ಗೋವಿನಜೋಳ, ಕಬ್ಬು ಬೇರೆ ಜಾತಿಯವು. ಅವು ನಡುಹಗಲಿನ ಪೂರ್ತಿ ಬಿಸಿಲನ್ನೂ ಉಂಡು ಬೆಳೆಯುತ್ತವೆ, ನೆರಳು ಬಿದ್ದಷ್ಟೂ ಇಳುವರಿ ಬೀಳುತ್ತದೆ. ಉಳ್ಳಾಗಡ್ಡಿಯೂ ಗಡ್ಡೆ ಕಟ್ಟುವಾಗ ಬೆಳಕು ಕೇಳುತ್ತದೆ. ಅದನ್ನು ಪ್ಲೇಟಿನ ಕೆಳಗೆ ಹಾಕಬೇಡಿ.

ಈಗ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ನೋಡೋಣ. ಹೊರದೇಶದ ಚಿತ್ರ ನೋಡಿ ಕಟ್ಟುವವರು ಎಡವುವುದು ಇಲ್ಲಿಯೇ. ವಿಜಯಪುರ ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಭರಣಿ ಮಳೆಯ ಕೊನೆಗೆ, ಅಂದರೆ ಮೇ 7ರ ಆಸುಪಾಸಿನಲ್ಲಿ, ನಡುಹಗಲಿಗೆ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ಅಲ್ಲಿಂದ ಆಶ್ಲೇಷಾ ಮಳೆ ಹುಟ್ಟುವ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಅಂದರೆ ಬೇಸಿಗೆಯಲ್ಲಿ ಪ್ಲೇಟಿನ ನೆರಳು ನೇರ ಕೆಳಗೆ ಬೀಳುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಇಳಿದು, ನಡುಹಗಲಿಗೂ 50 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಆಗ ಎಂಟು ಅಡಿ ಎತ್ತರದ ಪ್ಲೇಟಿನ ನೆರಳು ಸುಮಾರು ಏಳು ಅಡಿ ಉತ್ತರಕ್ಕೆ ಸರಿದು ಬೀಳುತ್ತದೆ. ನೇರ ಕೆಳಗಿನ ಮಡಿಗೆ ಹಿಂಗಾರಿನ ಎಳೆಬಿಸಿಲು ಚೆನ್ನಾಗಿ ಸಿಗುತ್ತದೆ. ಬೇಕಾದಾಗ ನೆರಳು, ಬೇಡವಾದಾಗ ಬಿಸಿಲು. ನಮ್ಮ ಜಿಲ್ಲೆಗಳಿಗೆ ಸೂರ್ಯನೇ ಕೊಟ್ಟ ಅನುಕೂಲವಿದು. ಬಾಗಲಕೋಟೆ, ಬೆಳಗಾವಿಯವರಿಗೆ ತಾರೀಖು ಕೆಲವು ದಿನ ಹಿಂದೆಮುಂದೆ ಆಗುತ್ತದೆ, ಲೆಕ್ಕ ಇದೇ.

ಒಂದು ಗುಂಟೆಯನ್ನೇ ತೆಗೆದುಕೊಳ್ಳಿ, 33 ಅಡಿಗೆ 33 ಅಡಿ. 250 ವ್ಯಾಟಿನ ಹಳೆಯ ಪ್ಲೇಟು ಸುಮಾರು ಐದೂವರೆ ಅಡಿ ಉದ್ದ, ಮೂರೂಕಾಲು ಅಡಿ ಅಗಲ. ಪೂರ್ವ ಪಶ್ಚಿಮವಾಗಿ ಎರಡು ಸಾಲು, ಸಾಲಿಗೆ ಹತ್ತು ಪ್ಲೇಟು, ದಕ್ಷಿಣಕ್ಕೆ 15 ಡಿಗ್ರಿ ವಾಲು, ಒಂದು ಸಾಲಿನಿಂದ ಇನ್ನೊಂದಕ್ಕೆ ಹದಿನಾರೂವರೆ ಅಡಿ. ಇಪ್ಪತ್ತು ಪ್ಲೇಟಿಗೆ ನೆಲದ ಮೂರನೆಯ ಒಂದು ಭಾಗ ಮುಚ್ಚುತ್ತದೆ. ಇದಕ್ಕಿಂತ ಹೆಚ್ಚು ಮುಚ್ಚಬೇಡಿ. ಇಂತಹ ಸಾಲಿನ ಕೆಳಗೆ ಬೇಸಿಗೆಯಲ್ಲಿ ಹೆಚ್ಚುಕಡಿಮೆ ದಿನವಿಡೀ ನೆರಳಿರುವುದರಿಂದ ಅಲ್ಲಿ ಕೊತ್ತಂಬರಿ, ಮೆಂತ್ಯ, ಪಾಲಕ ಮತ್ತು ಸಸಿ ಮಡಿ. ಅಂಚಿನಲ್ಲಿ ಮೆಣಸಿನಕಾಯಿ, ಟೊಮೆಟೊ. ನಡುವಿನ ಬಯಲಿನಲ್ಲಿ ಬದನೆ, ಚವಳಿ, ಉಳ್ಳಾಗಡ್ಡಿ. ಗೋಕಾಕ, ರಾಯಬಾಗ, ಜಮಖಂಡಿ ಕಡೆಯವರು ಇದ್ದರೆ ಅರಿಶಿನವನ್ನೂ ನೆನಪಿಡಿ, ಅದು ಅರೆನೆರಳನ್ನು ಸಹಿಸುವ ಬೆಳೆ. ಹೀರೆ, ಹಾಗಲ ಬಳ್ಳಿಗಳನ್ನು ಮಾತ್ರ ಕಂಬದ ಹತ್ತಿರ ಸುಳಿಯಗೊಡಬೇಡಿ. ಒಂದು ಅಗಲ ಎಲೆ ಪ್ಲೇಟಿನ ಒಂದು ಚೌಕವನ್ನು ಮುಚ್ಚಿದರೂ ಸಾಕು, ಆ ಪ್ಲೇಟಿನ ಮೂರನೆಯ ಒಂದು ಭಾಗದ ವಿದ್ಯುತ್ ನಿಂತುಹೋಗಬಹುದು. ಸಾಮಾನ್ಯವಾಗಿ ಅರವತ್ತು ಚೌಕಗಳ ಪ್ಲೇಟಿನೊಳಗೆ ಇಪ್ಪತ್ತರಂತೆ ಮೂರು ಗುಂಪುಗಳಿರುತ್ತವೆ, ಒಂದು ಚೌಕ ಸೋತರೆ ಅದರ ಗುಂಪೇ ಬದಿಗೆ ಸರಿಯುತ್ತದೆ.

ಮುಂಗಾರಿನಲ್ಲಿ ಎಚ್ಚರ ಬೇಕು. ನೆರಳಿನಲ್ಲಿ ಎಲೆ ಬೇಗ ಆರುವುದಿಲ್ಲ, ಬೂಜು, ಸಸಿ ಕೊಳೆ ಬೇಗ ಹರಡುತ್ತವೆ. ಗಿಡದ ಸಾಲು ತೆಳುವಾಗಿರಲಿ, ನೀರು ಹನಿ ಪೈಪಿನಿಂದಲೇ ಹೋಗಲಿ.

ಇನ್ನು ಕಟ್ಟಡ. ಹಳೆಯ ಪ್ಲೇಟು ಕೊಂಡರೆ ಖರ್ಚಿನ ದೊಡ್ಡ ಪಾಲು ಕಬ್ಬಿಣಕ್ಕೆ ಹೋಗುತ್ತದೆ, ಪ್ಲೇಟಿಗಲ್ಲ. ಅಲ್ಲಿ ಉಳಿಸಲು ಹೋಗಬಾರದು. ಗಂಟೆಗೆ 108 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿಗೆ ಸುಮಾರು 55 ಕಿಲೋ ಭಾರದಷ್ಟು ಒತ್ತುತ್ತದೆ. ಪ್ಲೇಟಿನ ತೂಕ 20 ಕಿಲೋ ಒಳಗೆ, ಅದನ್ನು ಎತ್ತಿ ಒಗೆಯಲು ಬರುವ ಬಲ 90 ಕಿಲೋ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮೊದಲು ಏಳುವ ಗಾಳಿ ಬಾಳೆ ತೋಟಗಳನ್ನು ಮಲಗಿಸುವುದನ್ನು ನೀವು ನೋಡಿದ್ದೀರಿ. ತಿಕೋಟಾ ಭಾಗದಲ್ಲಿ ಕಿತ್ತ ದ್ರಾಕ್ಷಿ ತೋಟಗಳ ಆಂಗಲ್‌ಗಳು ಸಿಗುತ್ತವೆ. ಅವುಗಳನ್ನು ಅಡ್ಡಪಟ್ಟಿಗೆ, ಓರೆ ಆಧಾರಕ್ಕೆ ಬಳಸಿ. ಮುಖ್ಯ ಕಂಬಕ್ಕೆ ಬೇಡ, ಬಳ್ಳಿಯ ಭಾರ ಹೊರಲು ಮಾಡಿದ್ದಕ್ಕೆ ಮೇಲಕ್ಕೆ ಎಳೆಯುವ ಗಾಳಿಯ ಅಭ್ಯಾಸವಿಲ್ಲ.

ಮಸಾರಿ ನೆಲದವರಿಗೆ ಬುನಾದಿ ಸುಲಭ. ಎರೆಹೊಲದವರಿಗೆ ಅದೇ ದೊಡ್ಡ ಪ್ರಶ್ನೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ, ಮಳೆಗೆ ಉಬ್ಬುವ ಮಣ್ಣು ಮೇಲುಮೇಲೆ ಹೂತ ಕಂಬವನ್ನು ವರ್ಷ ವರ್ಷ ಅಲುಗಿಸುತ್ತದೆ. ಕಂಬ ಒಂದು ಬೆರಳು ಸರಿದರೆ ಮೇಲಿನ ಗಾಜು ತಿರುಚಿ ಒಡೆಯುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಮಣ್ಣಿಗೆಂದೇ ಬುಡದಲ್ಲಿ ಅಗಲವಾಗುವ ಕಾಂಕ್ರೀಟ್ ಕಂಬದ ಬುನಾದಿಯನ್ನು ರೂಪಿಸಿತು. ಅಗಲವಾದ ಬುಡ ಉಬ್ಬು ತಲುಪದ ಆಳದಲ್ಲಿರುತ್ತದೆ, ಮೇಲಕ್ಕೆ ಎಳೆದರೂ ಕೀಳುವುದಿಲ್ಲ. ತಿಳಿದ ಎಂಜಿನಿಯರ್ ಒಬ್ಬರಿಂದ ಆಳ, ಅಗಲ ಬರೆಸಿಕೊಳ್ಳಿ. ಎರೆ ತೆಳುವಾಗಿದ್ದು ಕೆಳಗೆ ಗರಸು ಸಿಕ್ಕರೆ ಗರಸಿನೊಳಗೆ ಇಳಿದು ನಿಲ್ಲಿಸಿ.

ಈಗ ಕೊಳ್ಳುವ ಮಾತು. ಹಳೆಯ ಪ್ಲೇಟನ್ನು ಹಿಂದೆ ಅಂಟಿಸಿದ ಚೀಟಿಯ ವ್ಯಾಟ್ ನೋಡಿ ಕೊಳ್ಳಬೇಡಿ. ನಡುಹಗಲಿಗೆ ಹೋಗಿ, ಮಲ್ಟಿಮೀಟರ್ ಹಿಡಿದುಕೊಂಡು ಹೋಗಿ. ಗಾಜು ಒರೆಸಿ ಸೂರ್ಯನಿಗೆ ನೇರವಾಗಿ ಹಿಡಿಸಿ. ಮೊದಲು ವೋಲ್ಟೇಜ್. ಅರವತ್ತು ಚೌಕದ ಪ್ಲೇಟಿನ ಚೀಟಿಯಲ್ಲಿ 37 ವೋಲ್ಟ್ ಚಿಲ್ಲರೆ ಇರುತ್ತದೆ, ಕಾದ ಪ್ಲೇಟಿನಲ್ಲಿ 33, 34 ಬಂದರೆ ಅದು ಸಹಜ. 22, 23 ಬಂದರೆ ಒಂದು ಗುಂಪು ಸತ್ತಿದೆ ಎಂದು ತಿಳಿಯಿರಿ. ಆಮೇಲೆ ಕರೆಂಟು, ಅಂದರೆ ಎರಡು ತಂತಿಯ ನಡುವೆ ಮೀಟರನ್ನು ಹತ್ತು ಆಂಪಿಯರ್ ಗುರುತಿನಲ್ಲಿಟ್ಟು ಓದುವುದು. 250 ವ್ಯಾಟಿನ ಪ್ಲೇಟಿಗೆ ಅದು ಸಾಲುತ್ತದೆ, ಈಚಿನ ದೊಡ್ಡ ಪ್ಲೇಟುಗಳಿಗೆ ಡಿಸಿ ಕ್ಲ್ಯಾಂಪ್ ಮೀಟರ್ ಬೇಕು. ಅಂದಿನ ಬಿಸಿಲು ಎಷ್ಟು ಗಟ್ಟಿ ಎಂದು ತಿಳಿಯಲು ಗೊತ್ತಿರುವ ಒಂದು ಒಳ್ಳೆಯ ಪ್ಲೇಟನ್ನು ಪಕ್ಕದಲ್ಲಿಟ್ಟು ಹೋಲಿಸಿ. ಓದಿದ ಆಂಪಿಯರನ್ನು ಪ್ರತಿ ಪ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಸರಣಿಯಲ್ಲಿ (ಸೀರೀಸ್) ಜೋಡಿಸುವಾಗ ಒಂದೇ ಆಂಪಿಯರಿನವು ಒಟ್ಟಿಗೆ ಇರಬೇಕು, ಇಲ್ಲವಾದರೆ ಎಲ್ಲಕ್ಕಿಂತ ಸೋತ ಪ್ಲೇಟೇ ಇಡೀ ಸಾಲಿನ ವೇಗ ನಿರ್ಧರಿಸುತ್ತದೆ.

ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ನಮ್ಮದು ಒದ್ದೆ ಹೊಲ, ಬರಿಗಾಲಿನ ಕೆಲಸ. ಪ್ಲೇಟಿನ ಬೆನ್ನಿನ ಬಿಳಿ ಹಾಳೆ ಬಿರಿದಿದ್ದರೆ, ಮುಟ್ಟಿದರೆ ಸುಣ್ಣದಂತೆ ಕೈಗೆ ಹತ್ತುತ್ತಿದ್ದರೆ, ಒಳಗಿನ ವಿದ್ಯುತ್ ಚೌಕಟ್ಟಿಗೆ, ಅಲ್ಲಿಂದ ಕಂಬಕ್ಕೆ ಬರಬಹುದು. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್, ಅಂದರೆ ವಿದ್ಯುತ್ ಸೋರದಂತೆ ತಡೆಯುವ ನಿರೋಧಕ ಶಕ್ತಿಯನ್ನು ಅಳೆಯುವ ಮೀಟರ್, ಇರುತ್ತದೆ, ಅದನ್ನು ತಿಳಿದವರನ್ನೇ ಕರೆದುಕೊಂಡು ಬನ್ನಿ. ಸಂಜೆ, ಬೆಳಕಿಲ್ಲದಾಗ, ಪ್ಲೇಟಿನ ಮೇಲೆ ನೀರು ಸುರಿದು, ಎರಡು ತಂತಿಗಳನ್ನು ಒಟ್ಟುಗೂಡಿಸಿ, ಅವಕ್ಕೂ ಅಲ್ಯುಮಿನಿಯಂ ಚೌಕಟ್ಟಿಗೂ ನಡುವೆ ಅಳೆಯಲಿ. ಈ ಅಳತೆಯ ಪ್ಲೇಟಿಗೆ ಕನಿಷ್ಠ 25 ಮೆಗಾ ಓಮ್ ಬರಬೇಕು. ಬರದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಗಾಜು ಒಡೆದದ್ದೂ ಬೇಡ. ಚೌಕಗಳೇ ಕಾಣದ, ಪೂರ್ತಿ ಕಪ್ಪು ಗಾಜಿನಂತಿರುವ ತೆಳುಪದರದ ಪ್ಲೇಟುಗಳಲ್ಲಿ ಕೆಲವಕ್ಕೆ ಕ್ಯಾಡ್ಮಿಯಂ ಬಳಸಿರುತ್ತಾರೆ. ತರಕಾರಿ ಹೊಲಕ್ಕೆ ಅವುಗಳನ್ನು ತರಲೇಬೇಡಿ.

ನಿರೋಧಕ ಪರೀಕ್ಷೆಯಲ್ಲಿ ಗೆದ್ದು ಕರೆಂಟಿನಲ್ಲಿ ಸೋತ ಪ್ಲೇಟುಗಳೂ ಸಿಗುತ್ತವೆ. ಅವುಗಳನ್ನು ಬರಿ ನೆರಳಿಗಾಗಿ ಕೂರಿಸಬಹುದು, ತಂತಿಯ ತುದಿಗಳಿಗೆ ಮುಚ್ಚಳ ಹಾಕಿ ಕಟ್ಟಿದರೆ ಆಯಿತು. ಬಿಸಿಲಿರುವವರೆಗೆ ಪ್ಲೇಟನ್ನು ಆರಿಸುವ ಸ್ವಿಚ್ ಎಂಬುದು ಇಲ್ಲ, ಇದನ್ನು ಮನೆಯ ಮಕ್ಕಳಿಗೂ ತಿಳಿಸಿ.

ಇಪ್ಪತ್ತು ಪ್ಲೇಟುಗಳೂ ಒಳ್ಳೆಯವೇ ಸಿಕ್ಕರೆ ನಾಲ್ಕೂವರೆ ಕಿಲೋವ್ಯಾಟಿನಷ್ಟು ಶಕ್ತಿ. ಮೂರು ಎಚ್‌ಪಿ ಪಂಪಿಗೆ ಲೆಕ್ಕದಲ್ಲಿ ಸಾಕು. ಆದರೆ 415 ವೋಲ್ಟಿನ ಬೋರ್ ಪಂಪನ್ನು, ಪ್ಲೇಟಿನ ಡಿಸಿಯನ್ನು ಎಸಿಗೆ ಬದಲಿಸುವ ಡ್ರೈವ್ ಮೂಲಕ ಓಡಿಸಲು ಪ್ಲೇಟುಗಳನ್ನು 550, 600 ವೋಲ್ಟ್ ಡಿಸಿ ಬರುವಂತೆ ಸರಣಿಯಲ್ಲಿ ಜೋಡಿಸಬೇಕಾಗುತ್ತದೆ. ಹಳೆಯ ಬೆನ್ನುಹಾಳೆ, ಒದ್ದೆ ಮಡಿ, ಅಷ್ಟು ವೋಲ್ಟು, ಈ ಮೂರು ಒಂದೇ ಕಡೆ ಸೇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಳೆಯ ಪ್ಲೇಟಿಗೆ ತಕ್ಕ ಕೆಲಸ ಕೃಷಿ ಹೊಂಡದಿಂದ ಹನಿ ಪೈಪಿಗೆ ನೀರೆತ್ತುವುದು. ಎರಡೆರಡು ಪ್ಲೇಟು ಸರಣಿಯಲ್ಲಿಟ್ಟರೆ 60, 70 ವೋಲ್ಟ್, ಅದಕ್ಕೆ ತಕ್ಕ ಸಣ್ಣ ಡಿಸಿ ಪಂಪುಗಳಿವೆ. ಡಿಸಿಗೆಂದೇ ಮಾಡಿದ ಸ್ವಿಚ್, ಚೌಕಟ್ಟಿನಿಂದ ನೆಲಕ್ಕೆ ಸರಿಯಾದ ಅರ್ಥಿಂಗ್, ಇವು ಪ್ಲೇಟಿಗಿಂತ ಮೊದಲು ಬರಬೇಕು.

ಹೊಂಡಕ್ಕೆ ನೀರೂ ಪ್ಲೇಟಿನಿಂದಲೇ ಬರುತ್ತದೆ. ಒಂದು ಅಂಗುಲ ಮಳೆಗೆ ಈ ಇಪ್ಪತ್ತು ಪ್ಲೇಟಿನ ಮೇಲೆ 800 ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಹಾಗೆಯೇ ಬಿಟ್ಟರೆ ಕೆಳ ಅಂಚಿನಿಂದ ಧಾರೆಯಾಗಿ ಸುರಿದು ಮಡಿಯನ್ನು ಕೊರೆಯುತ್ತದೆ. ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ಅಂಚಿಗೆ ಕಟ್ಟಿ ಹೊಂಡಕ್ಕೆ ಹರಿಸಿ.

ಇಷ್ಟು ಹೇಳಿದ ಮೇಲೆ ಪ್ರಶ್ನೆಗಳು ಬಂದವು.

ಹಿರಿಯರೊಬ್ಬರು ಕೇಳಿದರು: “ಪಂಪ್‌ಸೆಟ್ಟಿಗೆ ಹತ್ತು ಎಚ್‌ಪಿವರೆಗೆ ಸರ್ಕಾರವೇ ಉಚಿತ ವಿದ್ಯುತ್ ಕೊಡುತ್ತಿದೆ. ಇದೆಲ್ಲ ಯಾಕೆ?” ಯಜಮಾನರೇ, ನೀವು ಕೇಳಿದ್ದು ಸರಿಯಾಗಿದೆ. ಕರೆಂಟಿನ ಬಿಲ್ ಉಳಿಸುವ ಲೆಕ್ಕದಿಂದ ಇದನ್ನು ಮಾಡಿದರೆ ನಿಮಗೆ ಲಾಭ ಕಾಣುವುದಿಲ್ಲ. ಅದಕ್ಕೇ ನೆರಳು ಮೊದಲು ಎಂದೆ. ಮೇ ತಿಂಗಳಲ್ಲಿ ಕೊತ್ತಂಬರಿ ಕೊಯ್ಯಲು ಆಗುವುದಾದರೆ, ಸಸಿ ಉಳಿಯುವುದಾದರೆ, ಈ ಖರ್ಚು ವಾಪಸ್ ಬರುವುದು ಅದರಿಂದ. ಮೂರು ಫೇಸ್ ಬರುವ ಹೊತ್ತಿಗೆ ಕಾಯದೆ ಹಗಲಿನಲ್ಲೇ ಹನಿ ಬಿಡಬಹುದು ಎಂಬುದು ಮೇಲಿನ ಲಾಭ.

“ಕುಸುಮ್ ಯೋಜನೆಯ ಸಹಾಯಧನ ಇದಕ್ಕೆ ಸಿಗುತ್ತದೆಯೇ?” ಇಲ್ಲ. ರೈತರ ಸೋಲಾರ್ ಪಂಪಿಗೆ ನೆರವು ಕೊಡಲು 2019ರಲ್ಲಿ ಬಂದ ಪಿಎಂ-ಕುಸುಮ್ ಹೊಸ ಪ್ಲೇಟುಗಳಿಗೆ. ಬೋರಿಗೆ ಸೋಲಾರ್ ಬೇಕೆನ್ನುವವರು ಅದಕ್ಕೇ ಅರ್ಜಿ ಹಾಕಿ. ಹಳೆಯ ಪ್ಲೇಟನ್ನು ಅದರ ಜೊತೆ ಬೆರೆಸಬೇಡಿ.

ತಂಗಿಯೊಬ್ಬಳು ಕೇಳಿದಳು: “ನಮ್ಮ ಬೋರಿನ ನೀರು ಗಡಸು. ಪ್ಲೇಟು ತೊಳೆದರೆ ಬಿಳಿ ಕಲೆ ಕೂರುತ್ತದೆ, ಏನು ಮಾಡಬೇಕು?” ಹೊಂಡದಲ್ಲಿ ಹಿಡಿದ ಮಳೆನೀರನ್ನು ಸೋಸಿ ಬಳಸಮ್ಮ. ಬೆಳಗಿನ ಜಾವ, ಗಾಜು ತಂಪಾಗಿರುವಾಗ, ಮೆತ್ತನೆಯ ಬಟ್ಟೆ ಕಟ್ಟಿದ ಕೋಲಿನಿಂದ ಒರೆಸಬೇಕು. ಕಾದ ಗಾಜಿನ ಮೇಲೆ ತಣ್ಣೀರು ಎರಚಬಾರದು. ಸೋಪಿನ ಪುಡಿ ಹಾಕಬೇಡ, ಆ ನೀರು ಮೆಂತ್ಯದ ಮಡಿಗೇ ಇಳಿಯುತ್ತದೆ.

ಬದುವಿನ ತಂಟೆಯ ಬಗ್ಗೆಯೂ ಒಬ್ಬರು ಕೇಳಿದರು. ಡಿಸೆಂಬರಿನಲ್ಲಿ ನೆರಳು ಉತ್ತರಕ್ಕೆ ಹೋಗುತ್ತದೆ ಎಂದೆನಲ್ಲ, ಉತ್ತರದ ಬದುವಿನಾಚೆ ಪಕ್ಕದವರ ಜೋಳ ಇರುತ್ತದೆ. ಆ ಬದಿಯಲ್ಲಿ ಹದಿನೈದು ಅಡಿಯಾದರೂ ಬಿಟ್ಟು ಕಂಬ ಹಾಕಿ, ಮೊದಲೇ ಅವರೊಂದಿಗೆ ಮಾತಾಡಿ.

ಕೊನೆಯ ಪ್ರಶ್ನೆ, ಪ್ಲೇಟು ಪೂರ್ತಿ ಸತ್ತ ಮೇಲೆ ಏನು ಮಾಡಬೇಕು ಎಂಬುದು. ಸಿಲಿಕಾನ್ ಪ್ಲೇಟಿನ ಬೆಸುಗೆಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ. ಒಡೆದು ಬದುವಿಗೆ ಹೂಳಬೇಡಿ, ಸುಡಬೇಡಿ, ಚೌಕಟ್ಟಿನ ಅಲ್ಯುಮಿನಿಯಂ ಕಿತ್ತುಕೊಂಡು ಗಾಜನ್ನು ಹಳ್ಳಕ್ಕೆ ಎಸೆಯುವ ಗುಜರಿಯವರಿಗೂ ಕೊಡಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಸೋಲಾರ್ ಪ್ಲೇಟನ್ನೂ ಸೇರಿಸಿದ್ದಾರೆ, ನೋಂದಣಿ ಇರುವ ಮರುಬಳಕೆದಾರರಿಗೇ ಅದು ಹೋಗಬೇಕು. ಒಬ್ಬರ ಎರಡು ಪ್ಲೇಟಿಗಾಗಿ ಅವರು ಹಳ್ಳಿಗೆ ಬರಲಾರರು. ಊರಿನವರೆಲ್ಲ ಸೇರಿ ಒಂದು ಕಡೆ ಒಣಜಾಗದಲ್ಲಿ ನಿಲ್ಲಿಸಿಟ್ಟು, ಒಂದು ಗಾಡಿ ತುಂಬುವಷ್ಟಾದಾಗ ಕಳುಹಿಸಿ.